ಡೀಸೆಲ್ ಏರಿದ್ದು ಎರಡು ರೂಪಾಯಿ, ಬಾಡಿಗೆ ಏರಿದ್ದು ಎರಡು ಸಾವಿರ!

ಪ್ರಶ್ನೆ: ಪುಣೆಯ ಕಾತ್ರಜ್‌ನಲ್ಲಿ ನನ್ನದೊಂದು ಸಣ್ಣ ಮಸಾಲೆ ಗಿರಣಿ. ಬ್ಯಾಡಗಿ ಮೆಣಸಿನಕಾಯಿ ಊರಿಂದಲೇ ತರಿಸುತ್ತೇನೆ. ಡೀಸೆಲ್ ಎರಡು ರೂಪಾಯಿ ಏರಿದರೆ ಸಾಕು, ಲಾರಿಯವರು ಬಾಡಿಗೆ ಎರಡು ಸಾವಿರ ಏರಿಸುತ್ತಾರೆ. ಇಳಿದಾಗ ತುಟಿ ಬಿಚ್ಚುವುದಿಲ್ಲ. ಇದು ಯಾವ ಲೆಕ್ಕ, ಅಣ್ಣಾ?
– ಒಬ್ಬ ಓದುಗರು, ಪುಣೆ

ಉತ್ತರ: ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಬುಕಿಂಗ್ ಆಫೀಸ್ ನಡೆಸುವವನನ್ನೇ ಕೇಳಿದ್ದೀರಿ. ಇದನ್ನು ಓದಿ ನಮ್ಮವರು ನನ್ನ ಮೇಲೆ ಸಿಟ್ಟಾಗಬಹುದು, ಆಗಲಿ.

ಬ್ಯಾಡಗಿಯಿಂದ ಪುಣೆಗೆ ಹೆಚ್ಚೂಕಡಿಮೆ 500 ಕಿ.ಮೀ. ಲೋಡ್ ಇರುವ ಹತ್ತು ಚಕ್ರದ ಲಾರಿ ಲೀಟರ್‌ಗೆ 4 ಕಿ.ಮೀ. ಕೊಡುತ್ತದೆ ಅಂದುಕೊಳ್ಳಿ. 125 ಲೀಟರ್ ಬೇಕು. ಎರಡು ರೂಪಾಯಿ ಏರಿದರೆ 250 ರೂಪಾಯಿ. ಲಾರಿ ಖಾಲಿ ವಾಪಸ್ ಹೋಗುವ ಖರ್ಚನ್ನೂ ನಿಮ್ಮ ತಲೆಗೇ ಕಟ್ಟಿದರೂ 500 ದಾಟುವುದಿಲ್ಲ. ಉಳಿದ 1,500ಕ್ಕೆ ಡೀಸೆಲ್ ಬರೀ ನೆಪ. ಫೆಬ್ರವರಿ, ಮಾರ್ಚ್‌ನಲ್ಲಿ ಬ್ಯಾಡಗಿ ಮಾರ್ಕೆಟ್‌ಗೆ ಮಾಲು ಸುರಿಯುತ್ತದೆ, ಎಲ್ಲರಿಗೂ ಲಾರಿ ಬೇಕು. ಆಗ ಡೀಸೆಲ್ ಇಳಿದರೂ ಬಾಡಿಗೆ ಏರುತ್ತದೆ.

ಆದರೆ ಲಾರಿಯವರದ್ದೂ ಒಂದು ಮಾತಿದೆ. 2017ರ ಜೂನ್‌ನಿಂದ ಡೀಸೆಲ್ ದರ ದಿನಾ ಬೆಳಗ್ಗೆ ಆರಕ್ಕೆ ಬದಲಾಗಬೇಕು. ಹೆಸರಿಗಷ್ಟೇ. 2022ರ ಮೇನಲ್ಲಿ ಕೇಂದ್ರ ಸರ್ಕಾರ ಅಬಕಾರಿ ಸುಂಕ ಆರು ರೂಪಾಯಿ ಇಳಿಸಿತು. ಆಮೇಲೆ ತೈಲ ಕಂಪನಿಗಳು ದರ ಇಳಿಸಲು ಕೈ ಬಿಚ್ಚಿದ್ದು 2024ರ ಮಾರ್ಚ್‌ನಲ್ಲಿ, ಅದೂ ಎರಡೇ ರೂಪಾಯಿ. ಮೂರೇ ತಿಂಗಳಿಗೆ ಕರ್ನಾಟಕ ಮಾರಾಟ ತೆರಿಗೆ ಏರಿಸಿತು, ಸುಮಾರು ಮೂರು ರೂಪಾಯಿ ಜಾಸ್ತಿಯಾಯಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಎರಡು. ಮೊದಲು ನಮ್ಮ ಡ್ರೈವರ್‌ಗಳು ಗಡಿಯ ನಿಪ್ಪಾಣಿಯಲ್ಲಿ ಅಗ್ಗಕ್ಕೆ ಟ್ಯಾಂಕ್ ಫುಲ್ ಮಾಡಿಸಿಕೊಂಡೇ ಮಹಾರಾಷ್ಟ್ರಕ್ಕೆ ಬರುತ್ತಿದ್ದರು. ಆ ಲಾಭ ಈಗ ಮೊದಲಿನಂತಿಲ್ಲ. ಡೀಸೆಲ್ ಜಿಎಸ್‌ಟಿಗೆ ಸೇರಿಲ್ಲ, ಹಾಗಾಗಿ ಅದಕ್ಕೆ ಕಟ್ಟಿದ ತೆರಿಗೆ ಯಾವ ರೂಪದಲ್ಲೂ ವಾಪಸ್ ಬರುವುದಿಲ್ಲ. ಟೋಲ್, ಟೈರ್ ಖರ್ಚು ಬೇರೆ.

ಈಗ ನಿಮ್ಮ ಕೈಲಿರುವುದು. ಬಾಡಿಗೆ ಮಾತಾಡುವಾಗ ಅವತ್ತಿನ ಪಂಪ್ ದರವನ್ನೂ ಚೀಟಿಯಲ್ಲಿ ಬರೆಸಿ. ಡೀಸೆಲ್ ಒಂದು ರೂಪಾಯಿ ಏರಿದರೆ ಟ್ರಿಪ್‌ಗೆ 125 ಜಾಸ್ತಿ, ಇಳಿದರೆ 125 ಕಡಿಮೆ. ದೊಡ್ಡ ಕಂಪನಿಗಳು ವರ್ಷದ ಕರಾರಿನಲ್ಲಿ ಇದನ್ನೇ ಮಾಡುತ್ತವೆ. ಸಣ್ಣ ಗಿರಾಕಿಗಳು ಕೇಳುವುದೇ ಇಲ್ಲ, ಸುಮ್ನೆ ಗೊಣಗುತ್ತಾರೆ.

ಇನ್ನೊಂದು, ಬ್ಯಾಡಗಿಯಲ್ಲಿ ನಿಂತು ಲಾರಿ ಹುಡುಕಬೇಡಿ, ಪುಣೆಯಲ್ಲೇ ಹುಡುಕಿ. ಪುಣೆ ಪಕ್ಕದ ಚಾಕಣದಿಂದ ಗಾಡಿಗಳ ಬಿಡಿಭಾಗ ಹೊತ್ತು ಬೆಂಗಳೂರಿಗೆ ಹೋದ ಲಾರಿಗೆ ಮನೆಗೆ ಬರುವಾಗ ರಿಟರ್ನ್ ಲೋಡ್ ಬೇಕಿರುತ್ತದೆ, ಅಲ್ವಾ? ಅದು ಹೇಗೂ ಮೋಟೆಬೆನ್ನೂರಿನ ಮೇಲೆಯೇ ಬರಬೇಕು. ಅಲ್ಲಿಂದ ಬ್ಯಾಡಗಿ ಕೆಲವೇ ಕಿಲೋಮೀಟರ್. ಖಾಲಿ ಬರುವುದಕ್ಕಿಂತ ವಾಸಿ ಅಂತ ಮಾಲೀಕ ಕಡಿಮೆಗೇ ಒಪ್ಪುತ್ತಾನೆ. ಲಾರಿ ಪುಣೆ ಬಿಡುವ ಮೊದಲೇ ಮಾತಾಡಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಮಾಲು ಇಳಿಸಿದ ಮೇಲೆ ಅಲ್ಲಿನ ಏಜೆಂಟರು ಬಿಡುವುದಿಲ್ಲ.