ಸ್ಥಿತಿ ಹಸಿರು, ಗ್ರಂಥಾಲಯ ಸ್ತಬ್ಧ

ಪ್ರಶ್ನೆ: ನಮ್ಮದು ಪದವಿ ಕಾಲೇಜು. ಗ್ರಂಥಾಲಯದ ಇಪ್ಪತ್ತೆರಡು ಸಾವಿರ ಪುಸ್ತಕಗಳ ಲೆಕ್ಕವೆಲ್ಲ ಕೋಹಾ ತಂತ್ರಾಂಶದಲ್ಲಿದೆ. ಶನಿವಾರ ಸರ್ವರ್‌ನ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟುವನ್ನು 18.04ನೇ ಆವೃತ್ತಿಯಿಂದ 20.04ಕ್ಕೆ ಏರಿಸಿದೆವು. ಸೋಮವಾರ ಕೋಹಾ ಪುಟ ತೆರೆಯಲಿಲ್ಲ. ಕೋಹಾ ಸೇವೆಯ ಸ್ಥಿತಿ ಹಸಿರು ಬಣ್ಣದಲ್ಲಿ 'ಆಕ್ಟಿವ್' ಎಂದೇ ತೋರಿಸುತ್ತಿದೆ. ಕೋಹಾದ ದತ್ತಾಂಶ ಇಟ್ಟುಕೊಳ್ಳುವ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯುಎಲ್ ಮಾತ್ರ 'ಫೇಲ್ಡ್'. ಹತ್ತಾರು ಬಾರಿ ರಿಸ್ಟಾರ್ಟ್ ಮಾಡಿದೆ. ಮೈಎಸ್‌ಕ್ಯುಎಲ್ ಪೂರ್ತಿ ಕಿತ್ತುಹಾಕಿ ಹೊಸದಾಗಿ ಹಾಕಿ ಎಂದು ಪರಿಚಯದವರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ? ಪರದೆಯ ಫೋಟೊ ಕಳುಹಿಸಿದ್ದೇನೆ.
— ಗ್ರಂಥಪಾಲಕಿ, ಹಾವೇರಿ ಜಿಲ್ಲೆ

ಉತ್ತರ: ದಯವಿಟ್ಟು ಬೇಡ. ನಿಮಗೆ ಅಂದೇ ಇಮೇಲ್‌ನಲ್ಲಿ ಬರೆದ ಮೊದಲ ಮಾತೂ ಇದೇ ಆಗಿತ್ತು. ಇದೇ ಇಕ್ಕಟ್ಟಿನಲ್ಲಿ ಇನ್ನೂ ಕೆಲವರು ಪತ್ರ ಬರೆದಿರುವುದರಿಂದ ಇಲ್ಲಿ ವಿವರವಾಗಿ ಹೇಳುತ್ತೇನೆ.

'ಪರ್ಜ್' ಆದೇಶ ಕೊಟ್ಟು ಮೈಎಸ್‌ಕ್ಯುಎಲ್ ತೆಗೆಯಲು ಹೊರಟರೆ, ಡೇಟಾಬೇಸ್‌ಗಳನ್ನೂ ಅಳಿಸಲೇ ಎಂಬ ಪ್ರಶ್ನೆ ಬರುತ್ತದೆ. ಗಾಬರಿಯಲ್ಲಿರುವವರು 'ಯೆಸ್' ಒತ್ತಿಬಿಡುತ್ತಾರೆ. ಒಂದು ಕಾಲೇಜಿನಲ್ಲಿ ಹಾಗಾದ ಮೇಲೆ ಅಲ್ಲಿನ ಗ್ರಂಥಪಾಲಕರು ಅಕ್ಸೆಶನ್ ರಿಜಿಸ್ಟರ್ (ಪುಸ್ತಕಗಳನ್ನು ಬಂದ ಕ್ರಮದಲ್ಲಿ ಬರೆದಿಡುವ ಪುಸ್ತಕ) ಮುಂದಿಟ್ಟುಕೊಂಡು ಒಂದನೆಯ ಪುಸ್ತಕದಿಂದ ಮತ್ತೆ ನಮೂದಿಸುತ್ತಾ ಕುಳಿತಿದ್ದರು. ಅವರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕುಳಿತು ನಾನೂ ಸಾಲುಗಳನ್ನು ಓದಿ ಹೇಳಿದ್ದೇನೆ. ಆ ಕೆಲಸ ಯಾರ ಪಾಲಿಗೂ ಬರಬಾರದು.

ಇನ್ನು ಹಸಿರು ಬಣ್ಣದ ವಿಷಯ. ನೀವು ನೋಡಿದ ಕೋಹಾ ಸೇವೆ, ಅಂದರೆ 'ಕೋಹಾ-ಕಾಮನ್' ಎಂಬುದು ಹಳೆಯ ಬಗೆಯ ಇನಿಟ್ ಸ್ಕ್ರಿಪ್ಟ್, ಸೇವೆಗಳನ್ನು ಆರಂಭಿಸುವ ಆದೇಶಗಳ ಕಡತ. ಕೋಹಾದ ಹಿನ್ನೆಲೆ ಸೇವೆಗಳನ್ನೆಲ್ಲ ಎಬ್ಬಿಸಿ ಅದು ತನ್ನ ಪಾಡಿಗೆ ಮುಗಿದುಹೋಗುತ್ತದೆ. ಸ್ಕ್ರಿಪ್ಟ್ ತಕರಾರಿಲ್ಲದೆ ಮುಗಿಯಿತು ಎಂಬುದಷ್ಟೇ ಆ ಹಸಿರಿನ ಅರ್ಥ. ನಿಮ್ಮ ಫೋಟೊದಲ್ಲಿ 'ಆಕ್ಟಿವ್' ಪಕ್ಕದಲ್ಲೇ 'ಎಕ್ಸಿಟೆಡ್' (ಮುಗಿದು ಹೊರಬಿದ್ದಿದೆ) ಎಂದಿದೆ, ನೋಡಿ. ಎಬ್ಬಿಸಿದವರು ಎದ್ದು ನಿಂತಿದ್ದಾರೆಯೇ ಎಂಬುದು ಅದಕ್ಕೆ ತಿಳಿಯದು.

ಮೈಎಸ್‌ಕ್ಯುಎಲ್ ಸ್ಥಿತಿಯಲ್ಲಿ ಕಣ್ಣಿಗೆ ಬೀಳುವ ಸಾಲು 'ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ'. ಎಲ್ಲರೂ ಇದನ್ನೇ ರೋಗ ಎಂದುಕೊಳ್ಳುತ್ತಾರೆ. ಪದೇ ಪದೇ ಎದ್ದು ಬೀಳುವ ಸೇವೆಯನ್ನು ಸಿಸ್ಟಂಡಿ (ಉಬುಂಟುವಿನ ಸೇವೆಗಳನ್ನು ನಡೆಸುವ ವ್ಯವಸ್ಥೆ) ಕೈಬಿಟ್ಟಿದೆ ಎಂದಷ್ಟೇ ಅದು ಹೇಳುತ್ತಿದೆ. ಮೊದಲ ಸಲ ಬಿದ್ದದ್ದು ಏಕೆ ಎಂಬುದು /ವಾರ್/ಲಾಗ್/ಮೈಎಸ್‌ಕ್ಯುಎಲ್ ಫೋಲ್ಡರಿನ ಎರರ್ ಲಾಗ್‌ನಲ್ಲಿರುತ್ತದೆ. ನೀವು ಅದನ್ನು ತೆರೆದು ಕಳುಹಿಸಿದ ಎರಡನೆಯ ಫೋಟೊದಲ್ಲಿ ಕಾರಣ ಸಿಕ್ಕಿತು: 'ಅನ್‌ನೋನ್ ವೇರಿಯಬಲ್ ಕ್ವೆರಿ_ಕ್ಯಾಶ್_ಲಿಮಿಟ್=1ಎಂ'.

ಒಮ್ಮೆ ಕೇಳಿದ ಪ್ರಶ್ನೆಯ ಉತ್ತರವನ್ನು ನೆನಪಿನಲ್ಲಿಟ್ಟುಕೊಳ್ಳುವ ಕ್ವೆರಿ ಕ್ಯಾಶ್ ಎಂಬ ಸೌಲಭ್ಯ ಮೈಎಸ್‌ಕ್ಯುಎಲ್ 5.7ರಲ್ಲಿತ್ತು; 8.0ರಲ್ಲಿ ಅದನ್ನು ತೆಗೆದುಹಾಕಿದರು. ಉಬುಂಟು 18.04 ಜೊತೆ ಬರುತ್ತಿದ್ದುದು 5.7, 20.04 ಜೊತೆ ಬರುವುದು 8.0. ಮೈಎಸ್‌ಕ್ಯುಎಲ್‌ನ ಹಳೆಯ ಸಂರಚನಾ (ಕಾನ್ಫಿಗರೇಶನ್) ಕಡತದಲ್ಲಿ ಕ್ವೆರಿ ಕ್ಯಾಶ್‌ನ ಸಾಲುಗಳು ಮೊದಲೇ ಇರುತ್ತಿದ್ದವು. ಕಡತವನ್ನು ಯಾರೂ ಮುಟ್ಟಿರದಿದ್ದರೆ ಏರಿಸುವಾಗ ತಾನಾಗಿಯೇ ಹೊಸದು ಬಂದು ಕೂರುತ್ತಿತ್ತು. ಆದರೆ ಇನ್ನೊಂದು ಕಟ್ಟಡದ ಕಂಪ್ಯೂಟರ್‌ಗಾಗಿ ಆ ಕಡತದಲ್ಲಿ ಬೈಂಡ್-ಅಡ್ರೆಸ್ (ಯಾವ ವಿಳಾಸದಲ್ಲಿ ಸಂಪರ್ಕ ಸ್ವೀಕರಿಸಬೇಕೆಂಬ ಸಾಲು) ಬದಲಿಸಿದ್ದೆವು ಎಂದು ನೀವೇ ಬರೆದಿದ್ದೀರಿ. ಹೀಗೆ ತಿದ್ದಿದ ಕಡತ ಕಂಡಾಗ ಉಬುಂಟು ಹಳೆಯದನ್ನು ಉಳಿಸಲೇ, ಹೊಸದನ್ನು ಹಾಕಲೇ ಎಂದು ಕೇಳುತ್ತದೆ. ಬರಿದೇ ಎಂಟರ್ ಒತ್ತಿದರೆ ಹಳೆಯದು ಉಳಿಯುತ್ತದೆ. ಅಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆ ಪ್ರಶ್ನೆಯ ಭಾರ ಅಲ್ಲಿ ಯಾರಿಗೂ ತಿಳಿಯುವಂತಿಲ್ಲ.

ಸರಿಪಡಿಸುವ ಮೊದಲು /ವಾರ್/ಲಿಬ್/ಮೈಎಸ್‌ಕ್ಯುಎಲ್ ಫೋಲ್ಡರನ್ನು ಇಡಿಯಾಗಿ ಬೇರೆ ಡಿಸ್ಕ್‌ಗೆ ನಕಲು ಮಾಡಿಸಿದೆ. 8.0 ಒಮ್ಮೆಯೂ ಎದ್ದಿರಲಿಲ್ಲವಾದ್ದರಿಂದ ದತ್ತಾಂಶ ಇನ್ನೂ 5.7ರ ರೂಪದಲ್ಲೇ ಇತ್ತು. ಎದ್ದ ಕೂಡಲೇ ಅದು ಎಲ್ಲವನ್ನೂ ಹೊಸ ರೂಪಕ್ಕೆ ಬದಲಿಸುತ್ತದೆ, ಅಲ್ಲಿಂದ 5.7ಕ್ಕೆ ಹಿಂದಿರುಗುವ ದಾರಿಯಿಲ್ಲ.

ಬಳಿಕ 'ಕ್ವೆರಿ_ಕ್ಯಾಶ್_ಲಿಮಿಟ್' ಸಾಲಿನ ಮುಂದೆ # ಹಾಕಿ (# ಇದ್ದ ಸಾಲನ್ನು ಮೈಎಸ್‌ಕ್ಯುಎಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ) ಸೇವೆ ಆರಂಭಿಸಿದಿರಿ, ಮತ್ತೆ ಬಿತ್ತು. ನಿಮಗೆ ಕೈಕಾಲು ತಣ್ಣಗಾದವು ಎಂದು ಬರೆದಿದ್ದಿರಿ. ಮೈಎಸ್‌ಕ್ಯುಎಲ್ ತನಗೆ ಗೊತ್ತಿಲ್ಲದ ಮೊದಲ ಹೆಸರಿಗೇ ನಿಂತುಬಿಡುತ್ತದೆ, ಮುಂದಿನದನ್ನು ಹೇಳುವುದಿಲ್ಲ. ಕೆಳಗಿನ ಸಾಲಿನಲ್ಲೇ 'ಕ್ವೆರಿ_ಕ್ಯಾಶ್_ಸೈಜ್=16ಎಂ' ಕೂತಿತ್ತು. ಅದಕ್ಕೂ # ಹಾಕಿದ ಮೇಲೆ ಸೇವೆ ಎದ್ದಿತು. ರೂಪ ಬದಲಾಗುವಷ್ಟು ಹೊತ್ತು ಯುಪಿಎಸ್ ಕಡೆ ಕಣ್ಣಿಟ್ಟು ಕಾದಿರಲ್ಲ, ಅದು ಬಹಳ ಒಳ್ಳೆಯದಾಯಿತು. ಅರ್ಧಕ್ಕೆ ನಿಂತಿದ್ದ ಪ್ಯಾಕೇಜ್‌ಗಳನ್ನು 'ಡಿಪಿಕೆಜಿ --ಕಾನ್ಫಿಗರ್ -ಎ' ಮುಗಿಸಿತು.

ಪುಟ ತೆರೆಯಿತು, ಆದರೆ ಯಾವ ಪುಸ್ತಕ ಹುಡುಕಿದರೂ ಸಿಗಲಿಲ್ಲ. ಕಪಾಟಿನಲ್ಲಿರುವ ಪುಸ್ತಕ ಪರದೆಯಲ್ಲಿ ಇಲ್ಲವೆಂದರೆ ಝೀಬ್ರಾವನ್ನು ನೋಡಬೇಕು. ನಿಮ್ಮ ಕೋಹಾದಲ್ಲಿ ಹುಡುಕಾಟದ ಸೂಚಿಯನ್ನು ಇಟ್ಟುಕೊಂಡಿರುವುದು ಅದೇ. ಅದು ಮಲಗಿದ್ದರೂ ಡೇಟಾಬೇಸ್‌ನಲ್ಲಿ ಪುಸ್ತಕಗಳು ಭದ್ರವಾಗಿಯೇ ಇರುತ್ತವೆ. 'ಕೋಹಾ-ಝೀಬ್ರಾ --ಸ್ಟಾರ್ಟ್', ಆಮೇಲೆ 'ಕೋಹಾ-ರಿಬಿಲ್ಡ್-ಝೀಬ್ರಾ -ಎಫ್', ಎರಡರ ಕೊನೆಯಲ್ಲೂ ನಿಮ್ಮ ಗ್ರಂಥಾಲಯಕ್ಕೆ ಕೋಹಾದಲ್ಲಿಟ್ಟ ಹೆಸರು. ಅಷ್ಟಕ್ಕೆ ಹುಡುಕಾಟ ಮರಳಿತು.

ಇಂದೇ ಮಾಡಬೇಕಾದ ಕೆಲಸ ಒಂದಿದೆ. ಕೋಹಾ ಪ್ರತಿದಿನ /ವಾರ್/ಸ್ಪೂಲ್/ಕೋಹಾ ಫೋಲ್ಡರಿನಲ್ಲಿ ಬ್ಯಾಕಪ್ ಇಡುತ್ತದೆ. ಯಾರೂ ಬದಲಿಸದಿದ್ದರೆ ಎರಡೇ ದಿನಗಳದ್ದನ್ನು ಉಳಿಸಿಕೊಂಡು ಹಳೆಯದನ್ನು ಅಳಿಸುತ್ತದೆ. ಮುಂದೆ ಉಬುಂಟು 22.04ಕ್ಕೆ ಹೋಗುವ ಮುನ್ನ ಅದರಲ್ಲೊಂದನ್ನು ಪೆನ್‌ಡ್ರೈವ್‌ಗೆ ಹಾಕಿ, ಅಕ್ಸೆಶನ್ ರಿಜಿಸ್ಟರ್ ಇಡುವ ಬೀರುವಿನಲ್ಲೇ ಇಡಿ.