ಬೆತ್ತವಿಲ್ಲದೆ ಪ್ರೌಢಶಾಲೆಯಲ್ಲಿ ಶಿಸ್ತು ಕಾಪಾಡಲು ಸಾಧ್ಯವೇ?

ಸಾಧ್ಯ; ಕಾನೂನಿನ ಪ್ರಕಾರ ಬೇರೆ ದಾರಿಯೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದು 14 ವರ್ಷದವರೆಗೆ ಮಾತ್ರ ಎಂದು ಹತ್ತನೇ ತರಗತಿಯ ಮಕ್ಕಳ ಮೇಲೆ ಕೈ ಎತ್ತುವವರು, ಮಕ್ಕಳ ಮೇಲಿನ ಕ್ರೌರ್ಯವನ್ನು ಅಪರಾಧವೆನ್ನುವ 2015ರ ಬಾಲನ್ಯಾಯ ಕಾಯ್ದೆಯನ್ನೂ ಓದಿಕೊಳ್ಳಲಿ. ಅಲ್ಲಿ ಮಗು ಎಂದರೆ 18 ತುಂಬದವರು.

ಗಲಾಟೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡಿ. ಬಹುಪಾಲು ಅದು ಹುಟ್ಟುವುದು ಶಿಕ್ಷಕರು ಬಾರದ ಪಿರಿಯಡ್‌ನಲ್ಲಿ, ಇಲ್ಲವೇ ಪಾಠ ತಲೆಗೆ ಹತ್ತದವರು ಕೂರುವ ಕೊನೆಯ ಬೆಂಚಿನಲ್ಲಿ. ಎಂಟನೇ ತರಗತಿಗೆ ಬಂದರೂ ಸರಾಗವಾಗಿ ಓದಲಾರದ ಹುಡುಗನಿಗೆ ಮೂರ್ಖನೆನಿಸಿಕೊಳ್ಳುವುದಕ್ಕಿಂತ ತುಂಟನೆನಿಸಿಕೊಳ್ಳುವುದೇ ಮರ್ಯಾದೆ. ಅವನಿಗೆ ಬೇಕಾದದ್ದು ಓದು ಕಲಿಸುವವರು. ನಮ್ಮಲ್ಲಿ ಸಿಗುವುದು ತರಗತಿಯ ಹೊರಗೆ ನಿಲ್ಲುವ ಶಿಕ್ಷೆ. ವಾರಗಟ್ಟಲೆ ಹೊರಗಿಟ್ಟರಂತೂ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬೇಕಾದ ಶೇ 75 ಹಾಜರಾತಿಯೇ ಕೈತಪ್ಪುತ್ತದೆ.

ನಿಯಮಗಳು ನಾಲ್ಕೈದು ಸಾಕು, ಮಕ್ಕಳೊಂದಿಗೆ ಕುಳಿತು ಬರೆದವು. ಮುಖ್ಯೋಪಾಧ್ಯಾಯರ ಮಗನಿಗೂ ಅವೇ ಅನ್ವಯಿಸಬೇಕು. ಪಕ್ಷಪಾತವನ್ನು ಹದಿಹರೆಯದವರು ಬಹಳ ಬೇಗ ಗುರುತಿಸುತ್ತಾರೆ. ತಪ್ಪಿಗೆ ಪರಿಹಾರವೂ ತಪ್ಪಿಗೆ ಸಂಬಂಧಿಸಿರಲಿ: ಗೋಡೆ ಗೀಚಿದವನು ಗೋಡೆ ಒರೆಸಲಿ, ನೂರು ಸಲ ಕ್ಷಮಾಪಣೆ ಬರೆಯುವುದು ಬೇಡ. ಬೈಗುಳ ಏಕಾಂತದಲ್ಲಿರಲಿ. ಪೋಷಕರನ್ನು ದೂರು ಹೇಳಲಷ್ಟೇ ಕರೆಯಬೇಡಿ. ಹೊಡೆದಾಟ, ಮಾದಕ ವಸ್ತುಗಳಂಥ ಪ್ರಕರಣಗಳನ್ನು ಮಾತ್ರ ಮುಖ್ಯೋಪಾಧ್ಯಾಯರು ಪೋಷಕರೊಂದಿಗೆ ಅಂದೇ, ಲಿಖಿತವಾಗಿ ಕೈಗೆತ್ತಿಕೊಳ್ಳಬೇಕು.