ಸ್ವಾಲ್ಬಾರ್ಡ್: ವೀಸಾ ಬೇಡದ ಊರಿಗೂ ಎರಡು ಪ್ರವೇಶದ ವೀಸಾ

ಉತ್ತರ ಧ್ರುವದ ಕಡೆಯ ನಾರ್ವೆಯ ದ್ವೀಪಗಳಾದ ಸ್ವಾಲ್ಬಾರ್ಡ್‌ನ ಮುಖ್ಯ ಊರು ಲಾಂಗ್‌ಇಯರ್‌ಬೀನ್‌ನ ಹೋಟೆಲಿನಲ್ಲಿ ಕೆಲಸ ಸಿಕ್ಕಿದೆ, ಸ್ವಾಲ್ಬಾರ್ಡ್‌ಗೆ ವೀಸಾ ಬೇಡವಂತೆ ನಿಜವೇ, ರಷ್ಯನ್ನರೂ ಅಲ್ಲೇ ಇರುವುದರಿಂದ ಭಯವಿದೆಯೇ ಎಂದು ಕೇಳಿದ್ದೀರಿ.

ವೀಸಾ ಬೇಡ, ನಿಜ. ಆದರೆ ವಿಮಾನ ಹಿಡಿಯುವುದು ಓಸ್ಲೊ ಅಥವಾ ಟ್ರೊಮ್ಸೊದಲ್ಲಿ. ಅವೆರಡೂ ಷೆಂಗೆನ್ ಒಳಗೆ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನೊಳಗೆ; ಸ್ವಾಲ್ಬಾರ್ಡ್ ಹೊರಗೆ. ಹಾಗಾಗಿ ಹೋಗುವಾಗ ಒಂದು, ಊರಿಗೆ ಮರಳುವಾಗ ಇನ್ನೊಂದು ಪ್ರವೇಶ ಎಂದು ಲೆಕ್ಕ. ಒಂದೇ ಪ್ರವೇಶದ ವೀಸಾ ಮಾಡಿಸಿಕೊಂಡವರು ಮರಳುವಾಗ ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡು ಪ್ರವೇಶದ್ದನ್ನೇ ಕೇಳಿ, ಮರಳುವ ದಿನದವರೆಗೂ ಅವಧಿ ಇದೆಯೇ ನೋಡಿಕೊಳ್ಳಿ.

ಈ ಮುಕ್ತ ಬಾಗಿಲಿನ ಹಿಂದೆ 1920ರ ಒಪ್ಪಂದವಿದೆ. ದ್ವೀಪಗಳು ನಾರ್ವೆಯವು, ಆದರೆ ಸಹಿ ಹಾಕಿದ ದೇಶದವರಿಗೆಲ್ಲ ಅಲ್ಲಿ ದುಡಿಯಲು ಸಮಾನ ಹಕ್ಕು. ಭಾರತ ಬ್ರಿಟಿಷರ ಕಾಲದಿಂದಲೂ ಅದರಲ್ಲಿದೆ. ನ್ಯೂ-ಓಲೆಸುಂಡ್‌ನಲ್ಲಿ 2008ರಿಂದ ನಮ್ಮ ಹಿಮಾದ್ರಿ ಸಂಶೋಧನಾ ಕೇಂದ್ರವೂ ಇದೆ. ಸ್ವಾಲ್ಬಾರ್ಡ್‌ನಲ್ಲಿ ಎತ್ತಿದ ತೆರಿಗೆಯನ್ನು ಅಲ್ಲಿಗೇ ಖರ್ಚು ಮಾಡಬೇಕು ಅನ್ನುವುದೂ ಅದೇ ಒಪ್ಪಂದದ ಮಾತು. ಅದಕ್ಕೇ ಸಂಬಳದ ತೆರಿಗೆ ಬರೀ 8%, ಸಾಮಾಜಿಕ ವಿಮೆಯ ಕಂತು ಬೇರೆ.

ತೆರಿಗೆ ಕಡಿಮೆ ಅಂದಮೇಲೆ ಸವಲತ್ತೂ ಕಡಿಮೆ. ಸ್ವಂತ ಖರ್ಚು ನಿಭಾಯಿಸಲಾಗದವರನ್ನು ಗವರ್ನರ್ ಹೊರಗೆ ಕಳಿಸಬಹುದು. ಮನೆ ಬಹುಪಾಲು ಕೆಲಸ ಕೊಟ್ಟವರದ್ದೇ ಆಗಿರುವುದರಿಂದ ಕೆಲಸ ಹೋದರೆ ಸೂರೂ ಹೋಗುತ್ತದೆ. ಹೆರಿಗೆಗೆ ಸುಮಾರು ಮೂರು ವಾರ ಮೊದಲೇ ನಾರ್ವೆಯ ಮುಖ್ಯ ಭೂಭಾಗಕ್ಕೆ ಹೋಗಬೇಕು. ಇಲ್ಲಿ ಕಳೆದ ವರ್ಷಗಳು ನಾರ್ವೆಯ ಖಾಯಂ ವಾಸಕ್ಕೆ ಜಮೆಯಾಗುವುದಿಲ್ಲ. ಇದನ್ನು ತಿಳಿಯದೆ ಬಂದವರ ಬಗ್ಗೆ ನನಗೆ ನಿಜಕ್ಕೂ ಮರುಕ. ಕೆಲಸ ಬಿಟ್ಟ ಮೇಲೆ ಎಷ್ಟು ದಿನ ಮನೆಯಲ್ಲಿರಬಹುದು, ವಾಪಸ್ ಟಿಕೆಟ್ ಯಾರದು, ಎರಡನ್ನೂ ಕರಾರಿನಲ್ಲೇ ಬರೆಸಿ.

ಇನ್ನು ಭಯ. ಬಾರೆಂಟ್ಸ್‌ಬರ್ಗ್ ರಷ್ಯನ್ನರ ಕಲ್ಲಿದ್ದಲ ಊರು, ಸೇನಾ ನೆಲೆಯಲ್ಲ. ದ್ವೀಪಗಳಲ್ಲಿ ನೌಕಾನೆಲೆ, ಕೋಟೆ ಕಟ್ಟುವುದನ್ನು ಒಪ್ಪಂದವೇ ನಿಷೇಧಿಸಿದೆ. 2022ರ ಮಾರ್ಚ್‌ನಲ್ಲಿ ಉತ್ತರ ಧ್ರುವ ಪ್ರದೇಶದ ಎಂಟು ದೇಶಗಳ ಕೂಟವಾದ ಆರ್ಕ್ಟಿಕ್ ಕೌನ್ಸಿಲ್‌ನಲ್ಲಿ ಉಳಿದ ಏಳು ದೇಶಗಳು ರಷ್ಯಾ ಜೊತೆಗಿನ ಕೆಲಸ ನಿಲ್ಲಿಸಿದ ಮೇಲೆ ಹಳೆಯ ಸಲುಗೆ ಉಳಿದಿಲ್ಲ, ಅದು ದೊಡ್ಡ ನಷ್ಟ. ಆದರೆ ದಿನನಿತ್ಯದ ಬದುಕಿನಲ್ಲಿ ಕಾಡುವುದು ಆಸರೆ ತೆಳುವಾಗಿರುವುದು. ಅದೇ ವರ್ಷದ ಜನವರಿಯಲ್ಲಿ ಸಮುದ್ರದಡಿಯ ಎರಡು ಕೇಬಲ್‌ಗಳಲ್ಲಿ ಒಂದು ಕೆಟ್ಟಾಗ, ಊರಿನ ಇಂಟರ್ನೆಟ್ಟೆಲ್ಲ ಉಳಿದ ಒಂದರ ಮೇಲೇ ನಿಂತಿತ್ತು.

ಅದಕ್ಕಿಂತ ಹತ್ತಿರದ ಅಪಾಯ ಹಿಮದ್ದು. 2015ರ ಡಿಸೆಂಬರ್ 19ರಂದು ಬಿರುಗಾಳಿ ರಾತ್ರೋರಾತ್ರಿ ಪೇರಿಸಿದ ಹಿಮ ಲಾಂಗ್‌ಇಯರ್‌ಬೀನ್ ಪಕ್ಕದ ಸುಕ್ಕರ್‌ಟೊಪ್ಪೆನ್ ಬೆಟ್ಟದಿಂದ ಕುಸಿದು ಹನ್ನೊಂದು ಮನೆಗಳನ್ನು ಬುಡಸಮೇತ ತಳ್ಳಿತು, ಇಬ್ಬರು ಸತ್ತರು. ಮನೆ ಕೊಟ್ಟಾಗ ಬೆಟ್ಟದ ಯಾವ ಬದಿ ಎಂದು ಕೇಳಿ, ಎಚ್ಚರಿಕೆ ಬಂದರೆ ವಾದ ಮಾಡದೆ ಎದ್ದು ಹೊರಡಿ. ಈಗ ನಡುಚಳಿಗಾಲದಲ್ಲೂ ಮಳೆ ಬೀಳುತ್ತದೆ. ಅದು ಹೆಪ್ಪುಗಟ್ಟಿದರೆ ರಸ್ತೆ ಗಾಜಿನಂತೆ. ಶೂ ತಳಕ್ಕೆ ತೊಡಿಸುವ ಕಬ್ಬಿಣದ ಮುಳ್ಳುಗಳನ್ನು ಮೊದಲ ಸಂಬಳಕ್ಕೆ ಕಾಯದೆ ಕೊಳ್ಳಿ.